ಸಂಜೆ ಐದರ ತನಕ ಕಾದವರು



ಮೇ ಒಂದನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದವರು ಜಗದ್ಗುರು ಹನ್ನೆರಡನೇ ಪಿಯುಸರು, 1955ರಲ್ಲಿ. ನಜರೇತಿನ ಆ ಬಡಗಿಗೆ ಕೈತುಂಬ ಕೆಲಸವಿತ್ತು. ಕೆಲಸವೇ ಸಿಗದವರಿಗೆ ಈ ಹಬ್ಬದಲ್ಲಿ ಏನಿದೆ?

ಸಂತ ಮತ್ತಾಯರ ಶುಭಸಂದೇಶದಲ್ಲಿ ದ್ರಾಕ್ಷಾತೋಟದ ಯಜಮಾನ ಒಂದೇ ದಿನ ಐದು ಸಲ ಪೇಟೆಬೀದಿಗೆ ಹೋಗುತ್ತಾನೆ. ಸಂಜೆ ಐದಕ್ಕೂ ಅಲ್ಲಿ ಜನ ನಿಂತಿದ್ದಾರೆ. ಏಕೆಂದು ಕೇಳಿದರೆ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ನಾವಾದರೋ ಅವರನ್ನು ಸೋಮಾರಿಗಳೆಂದುಬಿಡುತ್ತೇವೆ. ಯಜಮಾನ ಕೆಲಸ ಕೊಟ್ಟ, ಇಡೀ ದಿನದ ಕೂಲಿಯನ್ನೂ ಕೊಟ್ಟ. ನಿರುದ್ಯೋಗ ಎಲ್ಲ ಸಂದರ್ಭಗಳಲ್ಲೂ ಕೇಡೇ ಎಂದು ಎರಡನೇ ಜಾನ್ ಪೌಲರು 1981ರ 'ಲಾಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಬರೆದು, ಅದರ ಹೊಣೆಯಲ್ಲಿ ಸರಕಾರವನ್ನೂ ಸೇರಿಸಿದರು.

ಇದಕ್ಕೆಲ್ಲ ಹಣವೆಲ್ಲಿದೆ ಎನ್ನುವವರುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮ ಮನೆಗಳಿಗೆ ಸರಿ, ಧರ್ಮಕೇಂದ್ರದ ಲೆಕ್ಕಪುಸ್ತಕಕ್ಕಂತೂ ಇನ್ನೂ ಸರಿ! ಆದರೆ ಹಾಸಿಗೆ ನೇಯುವ ಮಗ್ಗವೇ ಕೇಂದ್ರ ಸರಕಾರದ ಮನೆಯಲ್ಲಿದೆ. ರಿಸರ್ವ್ ಬ್ಯಾಂಕು 1949ರಿಂದ ಸರಕಾರದ ಸ್ವತ್ತು. ನಿಮ್ಮ ಜೇಬಿನ ನೂರರ ನೋಟು ಚಿನ್ನವಲ್ಲ, ಆ ಬ್ಯಾಂಕಿನ ಗವರ್ನರರು ಸಹಿ ಹಾಕಿದ ಒಂದು ವಾಗ್ದಾನ. ಯೇಸುಸ್ವಾಮಿ ಕೈಸರನ ಮುದ್ರೆಯ ನಾಣ್ಯವನ್ನು ತೋರಿಸಿರೆಂದು ಕೇಳಿದ್ದೂ ತೆರಿಗೆಯ ಮಾತು ಬಂದಾಗಲೇ. ಸರಕಾರ ಹೊರಡಿಸಿದ್ದು ತೆರಿಗೆಯಾಗಿ ಅಲ್ಲಿಗೇ ಮರಳುತ್ತದೆ. ನಡುವೆ ಅದು ಕೂಲಿಯವರ ಕೈಯಿಂದ ಅಂಗಡಿಗೆ, ಅಂಗಡಿಯಿಂದ ರೈತನಿಗೆ ಹೋಗಿ ಎಲ್ಲರ ಒಲೆ ಉರಿಸಿರುತ್ತದೆ. ಮಿತಿಯೇ ಇಲ್ಲವೆಂದಲ್ಲ. ಅಕ್ಕಿ, ಸಿಮೆಂಟು ಹೆಚ್ಚದೆ ನೋಟು ಮಾತ್ರ ಹೆಚ್ಚಿದರೆ ಬೆಲೆ ಏರಿ ಬಡವರೇ ಮೊದಲು ಅಳುತ್ತಾರೆ. ಆದರೆ ಹೂಳು ತುಂಬಿದ ಕೆರೆಯೂ ಕೆಲಸವಿಲ್ಲದ ಕೈಗಳೂ ಒಂದೇ ಊರಿನಲ್ಲಿರುವಾಗ, ಹಣವಿಲ್ಲ ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪಬಾರದು.

2005ರ ಉದ್ಯೋಗ ಖಾತರಿ ಕಾಯಿದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿತು. ಮೈಗೆಲಸದ ಕೂಲಿಯನ್ನು ಪೂರ್ತಿ ಕೇಂದ್ರವೇ ಹೊತ್ತಿತು. ಅದರ ಸ್ಥಾನಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆ 125 ದಿನ ಎನ್ನುತ್ತದೆ. ದಿನ ಹೆಚ್ಚಿದ್ದು ಸಂತೋಷವೇ. ಆದರೆ ಅದು ಖರ್ಚಿನ ನೂರಕ್ಕೆ 40 ಪಾಲನ್ನು ಕರ್ನಾಟಕದಂಥ ರಾಜ್ಯಗಳ ಮೇಲೆ ಹೊರಿಸಿದೆ. ರಾಜ್ಯದ ಮನೆಯಲ್ಲಿ ಮಗ್ಗವಿಲ್ಲ. ಅದರ ಹಾಸಿಗೆ ನಮ್ಮದರಂತೆಯೇ. ಬರಗಾಲದಲ್ಲಿ ಅದರ ವರಮಾನ ಕುಗ್ಗುವಾಗಲೇ ಕೆಲಸ ಕೇಳುವವರು ಹೆಚ್ಚುತ್ತಾರೆ. ಆಗ ಸಂಜೆ ಐದಕ್ಕೆ ನಿಂತವರನ್ನು ಕರೆಯುವವರು ಯಾರು? ನಮ್ಮಲ್ಲಿ ಗ್ರಾಮಸಭೆಗೆ ಹೋಗುವವರು ಈ ಸಲ ಇದನ್ನು ಕೇಳಿಯೇ ಬರಲಿ.