ದೂರು ನಿಮ್ಮದು, ಭಾಷೆಯೂ ನಿಮ್ಮದೇ ಇರಲಿ

ಕೇಳುಗರಾದ ನೀವು ಬರೆಯುವ ಕಾಗದಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಕಾಣುತ್ತದೆ: "ಕೇಂದ್ರ ಸರ್ಕಾರದ ಕಚೇರಿಗೆ ಕನ್ನಡದಲ್ಲಿ ದೂರು ಕೊಟ್ಟರೆ ತಗೊಳ್ತಾರಾ?"

ಧೈರ್ಯವಾಗಿ ಕೊಡಿ. ಸಂವಿಧಾನದ 350ನೇ ವಿಧಿ ಇರುವುದೇ ಅದಕ್ಕೆ. ಕುಂದುಕೊರತೆ ಇರುವ ಯಾರೇ ಆಗಲಿ, ಕೇಂದ್ರದ ಅಧಿಕಾರಿಗೆ ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದು.

'ಬಳಕೆಯಲ್ಲಿರುವ' ಎಂಬ ಮಾತನ್ನು ಗಮನಿಸಿ. ಎಂಟನೇ ಅನುಸೂಚಿಯ 22 ಭಾಷೆಗಳು ಮಾತ್ರ ಎಂದು ಅಲ್ಲಿ ಹೇಳಿಲ್ಲ. ತುಳು ಆ ಪಟ್ಟಿಯಲ್ಲಿಲ್ಲ. ಆದರೆ 2011ರ ಜನಗಣತಿಯಲ್ಲಿ ತುಳು ನಮ್ಮ ನುಡಿ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಬಳಕೆ ಎಂದರೆ ಇದಲ್ಲದೆ ಇನ್ನೇನು?

ನಮ್ಮ ಅಪ್ಪನ ಪಿಂಚಣಿ ನಿಂತಾಗ ಅವರು ದುಂಡಗಿನ ಅಕ್ಷರದಲ್ಲಿ ಎರಡು ಪುಟ ಬರೆದುಕೊಂಡು ಹೋಗಿದ್ದರು. ಮೂರು ತಿಂಗಳಿಂದ ಹಣ ಬಂದಿಲ್ಲ. ಅದಕ್ಕೂ ಮುಂಚೆ ಎರಡು ತಿಂಗಳು ಕಡಿಮೆ ಬಂದಿದೆ. ಕಿಟಕಿಯ ಆಚೆ ಇದ್ದವರು, "ಇಂಗ್ಲಿಷಲ್ಲಿ ಬರೆಸ್ಕೊಂಡು ಬನ್ನಿ" ಅಂದರು. ಹೊರಗೆ ಮರದಡಿ ಕೂತಿದ್ದ ಟೈಪಿಸ್ಟು ನಾಲ್ಕು ಸಾಲು ಹೊಡೆದುಕೊಟ್ಟ. ನಿಂತ ಹಣ ಬಂತು. ಕಡಿಮೆಯಾಗಿದ್ದ ಹಣ ಕೊನೆಗೂ ಬರಲಿಲ್ಲ, ಯಾಕೆಂದರೆ ಆ ನಾಲ್ಕು ಸಾಲಿನಲ್ಲಿ ಅದರ ಮಾತೇ ಇರಲಿಲ್ಲ. ಅಪ್ಪನಿಗೆ ಓದಿ ತಿಳಿದುಕೊಳ್ಳುವ ಇಂಗ್ಲಿಷೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ: ನೀವು ಓದಲಾಗದ ದೂರಿಗೆ ಸಹಿ ಹಾಕಬೇಡಿ. ನಿಮ್ಮ ಭಾಷೆಯಲ್ಲಿ ಬರೆಯಿರಿ. ಅರ್ಥ ಮಾಡಿಕೊಳ್ಳುವ ಹೊಣೆ ಕಚೇರಿಯದು.

"ಹಿಂದಿ ರಾಷ್ಟ್ರಭಾಷೆಯಲ್ಲವೇ, ಅದರಲ್ಲಿ ಬರೆಯುವುದು ಒಳ್ಳೆಯದಲ್ಲವೇ?" ಎಂದು ಓದಿದವರೇ ಕೇಳುತ್ತಾರೆ. ಎಷ್ಟು ಸಲ ಹೇಳಬೇಕು! 343ನೇ ವಿಧಿ ಹಿಂದಿಯನ್ನು ಕರೆದಿರುವುದು ಒಕ್ಕೂಟದ ಆಡಳಿತ ಭಾಷೆ ಎಂದು. ರಾಷ್ಟ್ರಭಾಷೆ ಎಂದು ಸಂವಿಧಾನ ಯಾವ ಭಾಷೆಯನ್ನೂ ಹೆಸರಿಸಿಲ್ಲ.

ಒಂದು ಎಚ್ಚರಿಕೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು 350ನೇ ವಿಧಿ ಹೇಳುವುದಿಲ್ಲ. ಆದ್ದರಿಂದ 'ಕನ್ನಡದಲ್ಲಿ ಉತ್ತರಿಸಿ' ಎಂದು ಕೊನೆಯಲ್ಲಿ ನೀವೇ ಕೇಳಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಕಿಟಕಿಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ.