ರೈಲು ಸರಕಾರದ್ದು, ಮಾತು ಯಾರದ್ದು?

(ನೀಲಗಿರಿಯ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಕಳೆದ ಬೇಸಿಗೆಯಲ್ಲಿ ನಾವು ಹನ್ನೊಂದು ಮಂದಿ ಒಂದು ಮದುವೆಗೆಂದು ಬೆಟ್ಟ ಇಳಿದು ರೈಲು ಹತ್ತಿದೆವು. ರಿಸರ್ವೇಷನ್ ಇಲ್ಲದ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಜೊತೆಗಿದ್ದ ಬಸುರಿ ಹೆಣ್ಣುಮಗಳು ಕಕ್ಕಸಿನ ಬಾಗಿಲ ಬಳಿ ಕುಳಿತು ರಾತ್ರಿ ಕಳೆದಳು. ಲೈನಿಗೆ ಹಿಂದಿರುಗಿದ ಮೇಲೆ ಎಲ್ಲರೂ ಬೈದೆವು. ಆದರೆ ಯಾರಿಗೂ ಒಂದು ಕಾಗದ ಬರೆಯಲಿಲ್ಲ. ಆ ತಪ್ಪು ನಮ್ಮದು. ಅದರ ವಿಷಯವಾಗಿಯೇ ಇಂದು ನಾಲ್ಕು ಮಾತು.

ತೋಟದಲ್ಲಿ ಕೂಲಿ ಮುರಿದರೆ ಯಾರ ಬಾಗಿಲು ತಟ್ಟಬೇಕೆಂದು ನಮಗೆ ಗೊತ್ತು. ರೈಲಿನ ಯಜಮಾನ ಯಾರು? ಬ್ರಿಟಿಷರ ಕಾಲದಲ್ಲಿ ಹೆಚ್ಚಿನ ರೈಲುಗಳನ್ನು ಕಂಪನಿಗಳು ನಡೆಸುತ್ತಿದ್ದವು. ಮೂರನೇ ದರ್ಜೆಯ ಜನರ ಪಾಡನ್ನು ಕಣ್ಣಾರೆ ಕಂಡು ಗಾಂಧೀಜಿ 1917ರಲ್ಲಿ ಪತ್ರಿಕೆಗೆ ಬರೆದರು. 1920-21ರ ಆಕ್‌ವರ್ತ್ ಸಮಿತಿಯು ರೈಲುಗಳನ್ನು ಸರಕಾರವೇ ನಡೆಸಬೇಕೆಂದೂ, ಪ್ರಯಾಣಿಕರ ಮಾತು ಕೇಳಲು ಸಲಹಾ ಮಂಡಳಿಗಳು ಬೇಕೆಂದೂ ಹೇಳಿತು. ಈ ಎರಡು ಮಾತು ಒಟ್ಟಿಗೇ ಹುಟ್ಟಿದವು ಎಂಬುದನ್ನು ನಾವು ಮರೆಯಬಾರದು.

ಇಂದು ಯಜಮಾನ ಕೇಂದ್ರ ಸರಕಾರ. 1989ರ ರೈಲ್ವೆ ಕಾಯಿದೆಯಂತೆ ಟಿಕೆಟ್ ದರ ಗೊತ್ತುಮಾಡುವುದು ಅದೇ. 2017ರವರೆಗೆ ರೈಲ್ವೆ ದರಗಳ ನ್ಯಾಯಮಂಡಳಿ ಇದ್ದರೂ ಪ್ರಯಾಣಿಕರ ದರವನ್ನು ಅದು ಮುಟ್ಟುವಂತಿರಲಿಲ್ಲ. ಪರಿಣಾಮ ನೋಡಿರಿ. ಕೊರೋನಾ ಕಾಲದಲ್ಲಿ ಸಾಮಾನ್ಯ ಪ್ಯಾಸೆಂಜರ್ ಗಾಡಿಗಳು ‘ಸ್ಪೆಷಲ್’ ಆದವು. 10 ರೂಪಾಯಿಯ ಕನಿಷ್ಠ ದರ 30 ಆಯಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರಲ್ಲಿ. ವೃದ್ಧರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ನಿಲ್ಲಿಸಿದರು. ನಮ್ಮ ಲೈನಿನಲ್ಲಿ ಯಾರನ್ನಾದರೂ ಕೇಳಿದರೇ?

ಕೇಳುವ ಜಾಗ ಇಲ್ಲವೆಂದಲ್ಲ. ರೈಲ್ವೆ ಬಳಕೆದಾರರ ಸಲಹಾ ಸಮಿತಿಗಳಿವೆ. ದೇಶದ ಮಟ್ಟದ್ದಕ್ಕೆ ರೈಲ್ವೆ ಮಂತ್ರಿ, ವಲಯದ್ದಕ್ಕೆ ಜನರಲ್ ಮ್ಯಾನೇಜರ್, ವಿಭಾಗದ್ದಕ್ಕೆ ಡಿವಿಜನಲ್ ಮ್ಯಾನೇಜರ್ ಅಧ್ಯಕ್ಷರು. ನಮ್ಮ ಕೂನೂರು, ಮೆಟ್ಟುಪಾಳ್ಯ ಸ್ಟೇಷನ್‌ಗಳು 2007ರಲ್ಲಿ ಆದ ಸೇಲಂ ವಿಭಾಗಕ್ಕೆ ಸೇರಿವೆ. ಆ ಮೇಜಿನ ಸುತ್ತ ವರ್ತಕರ ಸಂಘದವರು, ನೋಂದಾಯಿತ ಪ್ರಯಾಣಿಕರ ಸಂಘದವರು, ಪಾರ್ಲಿಮೆಂಟ್ ಸದಸ್ಯರ ಕಡೆಯವರು ಕುಳಿತುಕೊಳ್ಳುತ್ತಾರೆ. ಸಮಿತಿ ಹೇಳಿದ್ದನ್ನು ರೈಲ್ವೆ ಮಾಡಲೇಬೇಕೆಂದಿಲ್ಲ, ನಿಜ. ಆದರೂ ವರ್ತಕನು ತನ್ನ ಸರಕಿನ ಮಾತನ್ನು ಅಲ್ಲಿ ಆಡುತ್ತಾನೆ. ಎಲೆ ಕೊಯ್ಯುವವಳ ಮಾತನ್ನು ಆಡುವವರು ಯಾರು?

ಕಾಯಿದೆಯಲ್ಲಿಯೇ ನಮ್ಮ ಪಾಲಿಗೆ ಬರುವ ಮಾತುಗಳಿವೆ. ಪ್ರತಿ ಡಬ್ಬಿಯಲ್ಲಿ ಎಷ್ಟು ಜನ ಹೋಗಬಹುದೆಂಬುದನ್ನು ಕಾಣುವಂತೆ ಬರೆದಿರಬೇಕು. ಗಾಡಿಗಳ ವೇಳೆಯನ್ನೂ ದರವನ್ನೂ ಸ್ಟೇಷನ್‌ನಲ್ಲಿ ಪ್ರದೇಶದ ಭಾಷೆಯಲ್ಲಿಯೂ ಹಾಕಿರಬೇಕು. ಪ್ರತಿ ಪ್ರಯಾಣಿಕರ ಗಾಡಿಯಲ್ಲಿ ಹೆಂಗಸರಿಗೆಂದೇ ಜಾಗ ಮೀಸಲಿರಬೇಕು. ಆ ರಾತ್ರಿ ಇದು ನಮಗೆ ತಿಳಿದಿದ್ದರೆ ನಾವು ಸುಮ್ಮನೆ ಬೈದು ಬರುತ್ತಿರಲಿಲ್ಲ.

ಆದುದರಿಂದ ಮೂರು ಕೆಲಸ ಮಾಡೋಣ. ಮೊದಲನೆಯದು, ತೊಂದರೆಯಾದ ಕೂಡಲೇ ತಾರೀಖು, ಗಾಡಿ ನಂಬರು, ಡಬ್ಬಿ ನಂಬರು ಬರೆದುಕೊಂಡು 139ಕ್ಕೆ ಫೋನು ಮಾಡುವುದು. ಇದು ದೂರು, ಕೊಳಕು ಕಕ್ಕಸಿಗೆ, ಬಾರದ ನೀರಿಗೆ ಇದು ಸಾಕು. ಗಾಡಿಯ ವೇಳೆ, ನಿಲುಗಡೆ, ಹೆಚ್ಚು ಡಬ್ಬಿ ಬೇಕಾದರೆ ದೂರು ಸಾಲದು, ಸಮಾಲೋಚನೆ ಬೇಕು. ಅದಕ್ಕೆ ಎರಡನೆಯ ಕೆಲಸ: ಅಕ್ಕಪಕ್ಕದ ತೋಟಗಳ ತಮಿಳು, ಮಲಯಾಳಿ ಬಂಧುಗಳನ್ನೂ ಸೇರಿಸಿ ಒಂದು ಪ್ರಯಾಣಿಕರ ಸಂಘ ಕಟ್ಟಿ ನೋಂದಾಯಿಸುವುದು, ವಿಭಾಗದ ಸಮಿತಿಯಲ್ಲಿ ಸ್ಥಾನ ಕೇಳುವುದು. ಮೂರನೆಯದು, ಸಹಿ ಹಾಕಿದ ಮನವಿಯನ್ನು ಪಾರ್ಲಿಮೆಂಟ್ ಸದಸ್ಯರ ಕೈಗೆ ಕೊಟ್ಟು, ನಕಲನ್ನು ನಮ್ಮಲ್ಲಿ ಇಟ್ಟುಕೊಳ್ಳುವುದು.

ಯೂನಿಯನ್ ನಮಗೆ ಕಲಿಸಿದ ಪಾಠವೂ ಇದೇ. ಒಬ್ಬನ ಗೊಣಗಾಟ ಮೇಸ್ತ್ರಿಯ ಕಿವಿಗೂ ಬೀಳದು. ನೂರು ಸಹಿ ಕಚೇರಿಯ ಫೈಲಿಗೆ ಏರುತ್ತದೆ. ಮುಂದಿನ ಭಾನುವಾರ ಸಂಜೆ ಒಂದು ನೋಟ್‌ಬುಕ್ ಇಲ್ಲಿಯೇ ಇಟ್ಟಿರುತ್ತೇವೆ. ಮೊದಲ ಸಹಿ ಆ ಹೆಣ್ಣುಮಗಳದ್ದು. ಈಗ ಅವಳ ಮಡಿಲಲ್ಲಿ ಕೂಸಿದೆ. ಎರಡನೆಯದು ನಿಮ್ಮದಾಗಲಿ.