ಎರಡು ಗೆರೆ ಕೂಡಿದರೆ ಏನರ್ಥ? ಕನ್ನಡದಲ್ಲೇ ಕೇಳಿ!

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ಅಂಗಡಿ ಬೋರ್ಡಿನ ಮೇಲೆ ಕನ್ನಡ ಬರಲಿ ಎಂದು ಬೀದಿಗಿಳಿದವರು ನಾವು. ಕಾಲೇಜಿನ ಕರಿಹಲಗೆಯ ಮೇಲೆ? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೇ ಅಂಕ ತೆಗೆದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾನೆ. ಶುರುವಿಗೇ ಚಲನೆಯ ಪಾಠ. ಹಲಗೆಯ ಮೇಲೆ ಎರಡು ಗೆರೆ, ಇಂಗ್ಲಿಷಿನಲ್ಲಿ ನಾಲ್ಕು ಮಾತು. ಹುಡುಗ ತಲೆಯಾಡಿಸುತ್ತಾನೆ, ಮನೆಗೆ ಬಂದು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಮುಗ್ಗರಿಸಿ "ನನಗೆ ತಲೆಯಿಲ್ಲ" ಅನ್ನುತ್ತಾನೆ. ತಲೆ ಇದೆಯಪ್ಪ! ನಿನಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಲಿಲ್ಲ, ಅಷ್ಟೆ.

ನಾನು ಪ್ರೊಫೆಸರ್ ಅಲ್ಲ. ಪಿಯುಸಿ ಓದಿ ಅಚ್ಚುಕೂಟ ನಡೆಸುವವನು. ನನ್ನಂಥವನೂ ಈ ಪಾಠವನ್ನು ಕನ್ನಡದಲ್ಲಿ ಹೇಳಬಹುದೋ ಇಲ್ಲವೋ, ನೀವೇ ತೀರ್ಮಾನಿಸಿ.

ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆಯ ಮೇಲೆ ಕಾಲ, ನಿಂತ ಗೆರೆಯ ಮೇಲೆ ದೂರ. ಬೆಳಿಗ್ಗೆ 6ಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಬಸ್ಸು ಹೊರಟಿತು, ಗಂಟೆಗೆ 40 ಕಿ.ಮೀ. 7ಕ್ಕೆ ಅದೇ ಜಾಗದಿಂದ ಕಾರು ಹೊರಟಿತು, ಗಂಟೆಗೆ 60 ಕಿ.ಮೀ. ಎರಡೂ ಓರೆಗೆರೆಗಳು. ಕಾರಿನ ಗೆರೆ ಹೆಚ್ಚು ಕಡಿದು. ಆ ಕಡಿದೇ ವೇಗ! ಗೆರೆ ಅಡ್ಡ ಮಲಗಿದರೆ ಗಾಡಿ ನಿಂತಿದೆ. ಗೆರೆ ಕೆಳಗಿಳಿದರೆ ಗಾಡಿ ವಾಪಸು ಬರುತ್ತಿದೆ. ಗೆರೆ ಮೇಲೇರಿತೆಂದು ಬಸ್ಸು ಬೆಟ್ಟ ಹತ್ತಿತು ಅಂದುಕೊಳ್ಳಬೇಡಿ. ಇದು ರಸ್ತೆಯ ಚಿತ್ರವಲ್ಲ, ಹೊತ್ತಿನ ಲೆಕ್ಕ.

ಎರಡು ಗೆರೆ ಕೂಡುವುದೆಲ್ಲಿ? 9 ಗಂಟೆಗೆ, 120ನೇ ಕಿ.ಮೀ.ನಲ್ಲಿ. ಮಂಡ್ಯ ದಾಟಿದೆ, ಶ್ರೀರಂಗಪಟ್ಟಣ ಇನ್ನೂ ಬಂದಿಲ್ಲ. ಅಲ್ಲಿ ಕಾರು ಬಸ್ಸನ್ನು ಹಿಡಿಯಿತು. ಆಗ ಇಬ್ಬರ ವೇಗವೂ ಒಂದೇನಾ? ಅಲ್ಲ! ಜಾಗ ಒಂದೇ, ವೇಗ ಬೇರೆ.

ಈಗ ನಿಂತ ಗೆರೆಯ ಮೇಲೆ ದೂರ ಅಳಿಸಿ ವೇಗ ಎಂದು ಬರೆಯಿರಿ. ಸಿಗ್ನಲ್ಲಿನಲ್ಲಿ ಬೈಕು ನಿಂತಿದೆ. ಹಸಿರು ಬಿದ್ದ ಕ್ಷಣಕ್ಕೆ ಪಕ್ಕದಲ್ಲೇ ಆಟೋ ಸೆಕೆಂಡಿಗೆ 5 ಮೀಟರಿನಂತೆ ಒಂದೇ ಸಮ ಹಾದುಹೋಯಿತು. ಬೈಕು ಆಗ ಹೊರಟು ಪ್ರತಿ ಸೆಕೆಂಡಿಗೂ 1 ಮೀಟರಿನಷ್ಟು ವೇಗ ಏರಿಸಿಕೊಂಡಿತು. 5ನೇ ಸೆಕೆಂಡಿಗೆ ಗೆರೆಗಳು ಕೂಡುತ್ತವೆ. ಬೈಕು ಆಟೋವನ್ನು ಹಿಡಿಯಿತಾ? ಬಹಳ ಮಕ್ಕಳು ಜಾರಿ ಬೀಳುವುದು ಇಲ್ಲೇ! ಇಲ್ಲಿ ವೇಗ ಮಾತ್ರ ಸಮ. ಆಟೋ 25 ಮೀಟರ್ ಹೋಗಿದೆ, ಬೈಕು ಹನ್ನೆರಡೂವರೆ. ಇಬ್ಬರ ನಡುವಿನ ಅಂತರ ಅತಿ ಹೆಚ್ಚಾಗಿರುವುದೇ ಆ ಕ್ಷಣದಲ್ಲಿ. ಆಮೇಲೆ ಅಂತರ ಕರಗುತ್ತದೆ.

ಹಾಗಾದರೆ ಹಿಡಿಯುವುದು ಯಾವಾಗ? ಗೆರೆಯ ಕೆಳಗಿನ ವಿಸ್ತೀರ್ಣ ಅಳೆಯಿರಿ, ಅದೇ ಕ್ರಮಿಸಿದ ದೂರ. 10ನೇ ಸೆಕೆಂಡಿಗೆ ಆಟೋದ್ದು ಆಯತ: 5 ಗುಣಿಸು 10, 50 ಮೀಟರ್. ಬೈಕಿನದು ತ್ರಿಭುಜ: 10 ಗುಣಿಸು 10, ಅದರ ಅರ್ಧ, 50 ಮೀಟರ್. ಹಿಡಿದದ್ದು ಅಲ್ಲಿ! ನೋಡಿ, ಗೆರೆ ಕೂಡುವುದು ಎರಡು ಚಿತ್ರದಲ್ಲೂ ಇದೆ, ಅರ್ಥ ಬೇರೆ ಬೇರೆ. ನಿಂತ ಗೆರೆಯ ಮೇಲೆ ಏನು ಬರೆದಿದೆ ಎಂದು ಓದದೆ ಉತ್ತರಕ್ಕೆ ಕೈ ಹಾಕಬಾರದು.

ಪರೀಕ್ಷೆಯ ಆಚೆಗೂ ಇದಕ್ಕೆ ಬೆಲೆಯಿದೆ. ರೈಲ್ವೆ ಕಂಟ್ರೋಲಿನವರು ರೈಲುಗಳ ಓಟವನ್ನು ಇಂಥದೇ ಕಾಲ-ದೂರದ ನಕ್ಷೆಯಲ್ಲಿ ಗುರುತಿಸುತ್ತಾರೆ. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಎರಡು ರೈಲಿನ ಗೆರೆಗಳು ಕೂಡಬೇಕಾದ್ದು ಇನ್ನೊಂದು ಹಳಿ ಇರುವ ನಿಲ್ದಾಣದಲ್ಲಿ. ನಡುದಾರಿಯಲ್ಲಿ ಕೂಡಿದರೆ ಅಪಘಾತವೇ!

ದೂರ, ಕಾಲ, ವೇಗ, ಓರೆ, ವಿಸ್ತೀರ್ಣ. ಇಷ್ಟರಲ್ಲಿ ಯಾವ ಮಾತಿಗೆ ಕನ್ನಡ ಸೋತಿತು ಹೇಳಿ? ಗೆಲಿಲಿಯೋ 1632ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪಂಡಿತರ ಲ್ಯಾಟಿನ್ ಬಿಟ್ಟು ತನ್ನ ಜನರ ಇಟಾಲಿಯನ್ನಿನಲ್ಲಿ ಬರೆದ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಸಂಗಡಿಗರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. 2017ರಲ್ಲಿ ನೀಟ್ ಪರೀಕ್ಷೆ ಕನ್ನಡಕ್ಕೂ ಬಂತು, 2021ರಲ್ಲಿ ಜೆಇಇ ಮೇನ್ ಕೂಡ ಬಂತು. ಬಾಗಿಲು ತೆರೆದಿದೆ. ಒಳಗೆ ಹೋಗುವ ಮಕ್ಕಳನ್ನು ತಯಾರು ಮಾಡುವವರು ಯಾರು?

ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಮೊದಲು ಕನ್ನಡದಲ್ಲಿ ತಿಳಿಯಿರಿ. ತಿಳಿದದ್ದನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ತಿಳಿಯದ್ದನ್ನು ಯಾವ ಭಾಷೆಯಲ್ಲೂ ಬರೆಯಲಾಗದು.

ನವೆಂಬರಿನಲ್ಲಿ ಬಾವುಟ ಕಟ್ಟುವ ಪ್ರತಿ ಸಂಘವೂ ವಾರಕ್ಕೆ ಎರಡು ಗಂಟೆ ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿಸಲಿ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಬಿ.ಎಸ್ಸಿ. ಮಾಡಿದವರಿದ್ದೀರಿ. ಪಾಠದ ಹಾಳೆ ನೀವು ಬರೆದುಕೊಡಿ, ಕಾಗದ ಸಂಘದವರು ತನ್ನಿ, ಅಚ್ಚಿನ ಕೂಲಿ ನನಗೆ ಬೇಡ. ಮೊದಲ ಹಾಳೆ ಈ ಎರಡು ಗೆರೆಯದ್ದೇ ಆಗಲಿ!

ಸಿರಿಗನ್ನಡಂ ಗೆಲ್ಗೆ!